ಆನ್ ಇಟ್ಟುಹೋದ ಆಟ

ಅಮ್ಮಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇವತ್ತು ಪುಟ್ಟೇನಹಳ್ಳಿಯ ನಮ್ಮ ಹಳೇ ಮನೆಯಲ್ಲಿ ನನ್ನ ಮಗಳು ನಂದಿತಾ, "ಅಪ್ಪಾ, ನಿನ್ ಆಲ್‌ಟೈಮ್ ಫೇವರಿಟ್ ವಿಡಿಯೋ ಗೇಮ್ ಯಾವ್ದು?" ಎಂದಳು.

ಚಿಕ್ಕವನಿದ್ದಾಗ ಟಿವಿಗೆ ಗೇಮ್ ಬಾಕ್ಸ್ ಜೋಡಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದ, ಗನ್ ಹಿಡಿದು ಕಾಡು ದಾಟುವ ಗೇಮ್ ಎಂದೆ.

"ಯಾಕೆ?"

ಅದೊಂದನ್ನೇ ನಾನು ಮುಗಿಸಲಿಲ್ಲ. ಒಂದೇ ಸ್ಟೇಜ್ ಉಳಿದಿತ್ತು. ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಆಡಬೇಕು, ಹಾಗಾಗಿ ಆನ್ ಇಟ್ಟೇ ಸ್ಕೂಲಿಗೆ ಹೋಗಿದ್ದೆ. ಬಂದಾಗ ಆಫ್ ಆಗಿತ್ತು. ನೀನೇ ಆಫ್ ಮಾಡಿದ್ದೆಂದು ನಿನ್ನ ಮೇಲೆ ಕೂಗಾಡಿ, ಒಂದು ವಾರ ಮಾತು ಬಿಟ್ಟೆ. ಇದನ್ನೆಲ್ಲ ನಂದಿತಾಗೆ ಹೇಳಿದೆ.

ಜಗಲಿಯಲ್ಲಿ ಕೂತು ಕೇಳಿಸಿಕೊಂಡ ಪಕ್ಕದ ಮನೆ ಗೋಪಾಲಮ್ಮ ನಕ್ಕರು. "ಅವ್ಳೆಲ್ಲಿ ಆಫ್ ಮಾಡಿದ್ಲೋ! ಮಗನ ಆಟ ಕೆಡ್ತದೆ ಅಂತ ಧಾರಾವಾಹಿ ನೋಡಕ್ಕೂ ನಮ್ಮನೇಗೇ ಬಂದಿದ್ಲು. ಅಷ್ಟೊತ್ಗೆ ಕರೆಂಟ್ ಹೋಯ್ತು."

ಕರೆಂಟ್ ಹೋಗಿತ್ತು ಎಂದು ನೀನೂ ಅವತ್ತೇ ಹೇಳಿದ್ದೆ. ಗೋಪಾಲಮ್ಮ ಹೇಳಿದ್ದನ್ನು ಮಾತ್ರ ಕೂಡಲೇ ನಂಬಿದೆ.