ಕೊಟ್ಟಿಗೆ ಕಾಣದ ಮಾನಿಟರ್

ನವೀನ,

ಗಂಗಿಗೆ ಕರು ಹಾಕುವ ನೋವು ಶುರುವಾಗಿದೆ. ಡಾಕ್ಟರ ಫೋನು ಹತ್ತುತ್ತಿಲ್ಲ, ಕರೆತರಲು ಯಲ್ಲಾಪುರಕ್ಕೆ ಹೊರಟಿದ್ದೇನೆ. ಡೇರಿಗೆ ಹಾಲು ಹಾಕಿ ಬಂದ ಕೂಡಲೇ ಕೊಟ್ಟಿಗೆಯ ಕ್ಯಾಮೆರಾ ಮಾನಿಟರಿನಲ್ಲಿ ಕಾಣುವ ಹಾಗೆ ಮಾಡು. ಊದಿದ ಮೊಣಕಾಲಿನಲ್ಲಿ ಅವ್ವ ಎಷ್ಟು ಸಲ ಹೋಗಿ ನೋಡಿ ಬಂದಾಳು?

ಕ್ಯಾಮೆರಾದ ಚಿತ್ರವನ್ನು ಮಾನಿಟರಿಗೆ ಕಳಿಸುವ ಆ ಪುಟ್ಟ ಕಂಪ್ಯೂಟರ್ ಬೋರ್ಡು ಸುಟ್ಟಿಲ್ಲ. ಹಸಿರು ದೀಪ ಮಿನುಗುತ್ತಲೇ ಇದೆ. ನಿನ್ನೆ ಗುಡುಗಿದಾಗ ಅವ್ವ ಎಂದಿನಂತೆ ಎಲ್ಲ ಪ್ಲಗ್ಗು ಕಿತ್ತಳು, ಮತ್ತೆ ಹಾಕುವಾಗ ಬೋರ್ಡಿನದನ್ನು ಮೊದಲು ಹಾಕಿದಳು. ಅದು ಶುರುವಾಗುವಾಗ ಮಾನಿಟರ್ ಆಫ್ ಇದ್ದರೆ ಚಿತ್ರ ಕಳಿಸುವುದೇ ಇಲ್ಲ. ಅಷ್ಟಕ್ಕೆ ನೀನು "ನೀನ ಸುಟ್ಟಿ ಅದನ್ನ" ಎಂದು ಕೂಗಾಡಿದೆ. ಅವಳು ರಾತ್ರಿ ಉಣ್ಣಲಿಲ್ಲ. ನೀನು ಗಮನಿಸಲೂ ಇಲ್ಲ.

ಬೋರ್ಡಿನ ಪ್ಲಗ್ ತೆಗೆ. ಮೊದಲು ಮಾನಿಟರ್ ಹಾಕು, ಆಮೇಲೆ ಬೋರ್ಡು. ಮಾನಿಟರಿನ ಕೇಬಲ್ ಬೋರ್ಡಿನಲ್ಲಿ ಕರೆಂಟಿನ ವೈರಿಗೆ ಹತ್ತಿರದ ತೂತಿನಲ್ಲೇ ಇರಲಿ. ಬೋರ್ಡಿಗೆ ಮೊಬೈಲ್ ಚಾರ್ಜರ್ ಹಾಕಬೇಡ, ಅದರ ಕರೆಂಟು ಸಾಲುವುದಿಲ್ಲ.

ಪ್ಲಗ್ಗನ್ನು ಅವ್ವನ ಕೈಯಿಂದಲೇ ಹಾಕಿಸು. "ನಾ ಮುಟ್ಟೂದಿಲ್ಲಪಾ" ಅಂತಾಳೆ, ಬಿಡಬೇಡ.

ಆಗಲೂ ಚಿತ್ರ ಬರದಿದ್ದರೆ ಅದರ ಮುಂದೆ ಕೂರಬೇಡ. ಅವ್ವನ ಕೈ ಹಿಡಿದು ಕೊಟ್ಟಿಗೆಗೆ ಕರೆದೊಯ್ದು ಗಂಗಿಯ ಪಕ್ಕ ಕೂರಿಸು. ನಾನು ಬರುವವರೆಗೆ ನೀನೂ ಅಲ್ಲೇ ಇರು.

ಅಕ್ಕ