ನೀನು ಕೂರಿಸಿದ ಭುಜ

ಅಪ್ಪಾ,

ನೀನು ಹೋಗಿ ನಾಲ್ಕು ತಿಂಗಳಾಯಿತು. ಕೊನೆಗೆ ನಿನಗೊಂದು ಸುಳ್ಳು ಹೇಳಿದ್ದೆ. ಅದನ್ನು ಒಪ್ಪಿಕೊಳ್ಳಲೆಂದೇ ಈ ಕಾಗದ.

ನೆನಪಿದೆಯಾ, ಸಂಡೂರಿನಲ್ಲಿ ಅದಿರಿನ ಲಾರಿಗೆ ತಾಡಪತ್ರಿ ಬಿಗಿಯುವಾಗ ಹಗ್ಗ ಜಗ್ಗಿ ನನ್ನ ಬಲಭುಜ ಮೊದಲ ಸಲ ಕಳಚಿದ್ದು? ನಮ್ಮೂರು ಮಲಪನಗುಡಿಗೆ ಬಂದು ನಿನ್ನ ಮುಂದೆ ಕೂತೆ. ಊರವರ ಉಳುಕೆಲ್ಲ ತೆಗೆಯುವವನು ನೀನು, ಗರಡಿಮನೆಯಲ್ಲಿ ಕಲಿತ ವಿದ್ಯೆ. ನನ್ನ ಬಗಲಿಗೆ ಪಾದ ಒತ್ತಿ ಕೈ ಎಳೆದೆ. ಕಟಕ್! "ಕೂಂತಿತ್ಲೇ ಮಗನ, ನಾಳಿಂದ ಲಾರೀನ ಎತ್ತು!" ಎಂದು ನಕ್ಕೆ. ಮರುದಿನವೇ ನಾನು ಮತ್ತೆ ಹಗ್ಗ ಹಿಡಿದೆ. ಮೂರು ಸಲ ಕಳಚಿತು, ಮೂರು ಸಲವೂ ನೀನೇ ಕೂರಿಸಿದೆ. ಆ ಸದ್ದು ಕೇಳಿದರೆ ವಾಸಿಯಾದಂತೆ ಅಂತಲೇ ನಾವಿಬ್ಬರೂ ನಂಬಿದ್ದೆವಲ್ಲ...

ನಾಲ್ಕನೆಯ ಸಲ ಕಳಚಿದಾಗ ನೀನು ಹಾಸಿಗೆ ಹಿಡಿದಿದ್ದೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ಭುಜ ಕೂರಿಸಿ ಸ್ಕ್ಯಾನಿಂಗ್ ಮಾಡಿದರು. ಫಿಸಿಯೋಥೆರಪಿ ಮೇಡಂ ತಟ್ಟೆಯಲ್ಲಿ ನಿಂಬೆಹಣ್ಣಿಟ್ಟು ತೋರಿಸಿದರು. "ತಟ್ಟಿಗೆ ಅಂಚೈತಂತ ಹಣ್ಣು ಉರುಳಂಗಿಲ್ಲ. ಭುಜದ ಗುಂಡಿಗೂ ಹಂಗ ಮೆತ್ತನ ಅಂಚು ಇರತೈತ್ರಿ. ನಿಮ್ದು ಹರದೈತಿ. ಇನ್ನ ಯಾರ ಕೈಲೂ ಎಳಸ್ಕೋಬ್ಯಾಡ್ರಿ." ಬಗಲಲ್ಲಿ ಟವೆಲ್ ಮಡಚಿಟ್ಟು ರಬ್ಬರ್ ಪಟ್ಟಿ ಎಳೆಯಬೇಕಂತೆ, ಗೋಡೆ ಮೇಲೆ ಬೆರಳು ಹತ್ತಿಸಬೇಕಂತೆ, ಅದೂ ತಿಂಗಳುಗಟ್ಟಲೆ.

ಮನೆಗೆ ಬಂದರೆ, ನಾನು ಭುಜ ಹಿಡಿದುಕೊಂಡಿದ್ದು ನಿನ್ನ ಕಣ್ಣಿಗೆ ಬಿತ್ತು. "ಬಾ ಇಲ್ಲಿ, ಕೈ ಕೊಡು." ವಾರದಿಂದ ನೀರಿನ ಲೋಟ ಎತ್ತದವನು ನೀನು, ಎದ್ದು ಕೂತಿದ್ದೆ! ಏನು ಹೇಳಲಿ? ನೀನು ಎಳೆದೆಳೆದೇ ಅದು ಹರಿಯಿತು ಅನ್ನಲಾ? ಕೈ ಕೊಟ್ಟೆ. ನೀನು ಮೈಭಾರವೆಲ್ಲ ಹಾಕಿ ಎಳೆದೆ. ಜೀವ ಹೋದಂತಾಯಿತು. ಆಸ್ಪತ್ರೆಯಲ್ಲಿ ಕೂರಿಸಿದ್ದ ಭುಜ ಸಡಿಲಾಯಿತು, ಸದ್ದು ಮಾತ್ರ ಬರಲಿಲ್ಲ. "ಕೂಂತಿತೇನ್ಲೇ?" ಎಂದೆ.

"ಕೂಂತಿತಪಾ, ಮಸ್ತ್ ಆತು."

ನೀನು ಸಮಾಧಾನದಿಂದ ಮಲಗಿದೆ. ನಾಲ್ಕೇ ದಿನ, ಆಮೇಲೆ...

ನಿನ್ನ ಗುಂಡಿಗೆ ಮಣ್ಣು ಹಾಕುವಾಗ ದೊಡ್ಡಪ್ಪ, "ಎಡಗೈ ಬ್ಯಾಡೋ, ಬಲಗೈಲೆ ಹಾಕು" ಎಂದು ಗದರಿದ. ಬಲಗೈ ಏಳಲಿಲ್ಲ, ಅಪ್ಪಾ. ಎಡಗೈಯಲ್ಲೇ ಹಾಕಿದೆ. ತಪ್ಪಾಯಿತಾ?

ಈಗಲೂ ಗೋಡೆಗೆ ಬೆರಳು ಹತ್ತಿಸುತ್ತೇನೆ. ನಿನ್ನ ಫೋಟೋಗಿಂತ ಒಂದು ಗೇಣು ಕೆಳಗೇ ಕೈ ನಿಂತುಬಿಡುತ್ತದೆ. ಹಾರ ತಂಗಿಯೇ ಹಾಕುತ್ತಾಳೆ. ಮೊನ್ನೆ ಮೇಡಂ ಸಿಟ್ಟಾದರು: "ಸುಧಾರಿಸೋದು ಬಿಟ್ಟು ಇನ್ನಷ್ಟು ಹರದೈತಲ್ರಿ, ಮತ್ತ ಯಾರ ಕೈಲೆ ಎಳಸ್ಕೊಂಡ್ರಿ?"

ಯಾರೂ ಇಲ್ರಿ, ಹಗ್ಗ ಜಗ್ಗಿದೆ ಅಂದೆ. ಯಾರು ಕೇಳಿದರೂ ಹಾಗೆಯೇ ಅನ್ನುತ್ತೇನೆ. ನಿನಗೊಬ್ಬನಿಗೆ ಮಾತ್ರ ನಿಜ ಹೇಳುತ್ತಿದ್ದೇನೆ.

ಅವತ್ತು ಕೂತಿರಲಿಲ್ಲ, ಅಪ್ಪಾ.