ಆಕಾಶದಿಂದ ಇಳಿದವನ ದನಿ

ಮಾರ್ಚ್ ೧೪

ನನ್ನ ಪುಟ್ಟನಿಗೆ,

ಅಮ್ಮನ ಆಶೀರ್ವಾದ. ನೀನು ಸಿನಿಮಾ ಟಿಕೆಟ್ ಕಳಿಸಿ, "ನೋಡಿದ ತಕ್ಷಣ ಕಾಗದ ಬರೀಬೇಕು, ಫೋನಲ್ಲಿ ಹೇಳಿ ಮುಗಿಸ್ಬೇಡ" ಎಂದು ತಾಕೀತು ಮಾಡಿದ್ದೆ. ತಡವಾಯಿತು, ಬೈಯಬೇಡ. ಯಾವುದೋ ಹೋಟೆಲಿನ ಕಿಟಕಿ ಪರದೆಗಳನ್ನೆಲ್ಲ ಹೊಲಿದುಕೊಡಲು ಒಪ್ಪಿಕೊಂಡು ಉಸಿರಾಡಲೂ ಪುರುಸೊತ್ತಿರಲಿಲ್ಲ. ಇದು ಅರ್ಧ ನಿಜ. ಇನ್ನರ್ಧ, ಏನು ಬರೆಯಬೇಕೆಂದು ತೋಚಲಿಲ್ಲ.

ಮೊದಲು ಒಳ್ಳೆಯ ಸುದ್ದಿ. ಪಾರ್ಶ್ವವಾಯು ಹೊಡೆದ ಬಲಗೈಯಲ್ಲಿ ನಿನ್ನಪ್ಪ ಈಗ ಚಮಚ ಹಿಡಿಯುತ್ತಾರೆ. ಅರ್ಧ ಊಟ ಅಂಗಿಗೆ ಹೋಗುತ್ತದೆ, ಹೋಗಲಿ. ಮಾತು ಕಲಿಸುವ ಡಾಕ್ಟರಮ್ಮ ಹೋದ ತಿಂಗಳು, "ತಪ್ಪೋ ಸರಿಯೋ, ದಿನವಿಡೀ ಬಾಯಿ ಆಡಿಸ್ತಾನೇ ಇರ್ಲಿ. ಸುಮ್ನಾದ್ರೆ ಬಂದಿರೋದೂ ಹೋಗತ್ತೆ" ಅಂದಿದ್ದರು. "ಅದಕ್ಕೇನು ಬರ, ಡಾಕ್ಟ್ರೇ? ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಬಾಯಿ" ಅಂದೆ. ಇವರೂ ನಗುತ್ತ ಏನೋ ಒದರಿದರು. "ಬ್ರೇಕ್ ತುಳಿ ಅಂತಿದಾರೆ" ಎಂದು ನಾನೇ ಅರ್ಥ ಹೇಳಿದೆ.

ಟಿಕೆಟ್ ಬಂದ ದಿನ ಅವರ ಸಂಭ್ರಮ ನೋಡಬೇಕಿತ್ತು. ಎದುರುಮನೆಯ ಔಷಧಿ ಅಂಗಡಿಯವಳನ್ನು ನಿಲ್ಲಿಸಿಕೊಂಡು ತಮ್ಮದೇ ಭಾಷೆಯಲ್ಲಿ ನಿನ್ನ ಗುಣಗಾನ. ಮಗ ಸಿನಿಮಾಗಳಿಗೆ ಸದ್ದು ಮಾಡಿಕೊಡುವವನು ಎಂದು ನಾನು ಬಿಡಿಸಿ ಹೇಳಬೇಕಾಯಿತು. ನೀನು ಚಿಕ್ಕವನಿದ್ದಾಗ ಬೇರೆ ಗ್ರಹದವರು ಬರುವ ಸಿನಿಮಾ ಒಂದನ್ನೂ ನಾವು ಮೂವರು ಬಿಡುತ್ತಿರಲಿಲ್ಲ, ನೆನಪಿದೆಯಾ? ಮನೆಗೆ ಬಂದು ಇವರು ತಲೆಗೆ ಬಕೆಟ್ ಹಾಕಿಕೊಂಡು ಅವರ ಹಾಗೆ ಮಾತಾಡುತ್ತಿದ್ದರು. ನೀನು ನಕ್ಕು ನಕ್ಕು ಬಿಕ್ಕಳಿಸುತ್ತಿದ್ದೆ.

ನಿನ್ನ ಸಿನಿಮಾದಲ್ಲಿ ಬೇರೆ ಲೋಕದವನು ಮಂಜಿನೊಳಗಿಂದ ಇಳಿದು ಬಂದಾಗ ನಾನೂ ಕಣ್ಣರಳಿಸಿ ನೋಡುತ್ತಿದ್ದೆ. ಅವನು ಬಾಯಿ ತೆರೆದ. ಹಿಂದಿನ ಸಾಲಿನ ಹುಡುಗಿಯರು ಚೀರಿದರು, ಯಾರೋ ಕಿಸಕ್ಕನೆ ನಕ್ಕರು, ಒಂದು ಮಗು ಅಳತೊಡಗಿತು. ನಾನು ತಟ್ಟನೆ ಪಕ್ಕದಲ್ಲಿ ಕೂತಿದ್ದ ಇವರ ಮುಖ ನೋಡಿದೆ. ಆಸ್ಪತ್ರೆಯಲ್ಲಿ ಅಪ್ಪನ ದಿಂಬಿನ ಹತ್ತಿರ ಫೋನ್ ಇಟ್ಟು, "ರೆಕಾರ್ಡ್ ಮಾಡ್ಕೋತೀನಮ್ಮ, ಎಷ್ಟು ಸುಧಾರಿಸಿದ್ರು ಅಂತ ಮುಂದೆ ಗೊತ್ತಾಗತ್ತೆ" ಎಂದಿದ್ದೆಯಲ್ಲ, ಆ ದನಿ ಅದು. ಎಳೆದಿದ್ದೀಯ, ಗುಡುಗು ಬೆರೆಸಿದ್ದೀಯ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಗುರುತು ಸಿಗದೆ ಇರುತ್ತದೆಯೇ? ತೆರೆಯ ಮೇಲೆ ವಿಜ್ಞಾನಿಗಳು ಅದನ್ನು ಯುದ್ಧದ ಎಚ್ಚರಿಕೆ ಎಂದುಕೊಂಡು ಬೆವರುತ್ತಿದ್ದರು. ಅವತ್ತು ಆಸ್ಪತ್ರೆಯಲ್ಲಿ ಇವರು ಹೇಳಿದ್ದು, ಚಳಿಯಾಗುತ್ತಿದೆ, ಕಿಟಕಿ ಹಾಕು ಎಂದು.

ಇವರು ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ಕೊನೆಗೆ ಸೈನಿಕರು ಸುತ್ತುವರಿದು ಅವನನ್ನು ಸುಟ್ಟರು. ಆ ದನಿ ಕೂಗುತ್ತ ಕೂಗುತ್ತ ನಿಂತುಹೋಯಿತು. ಇಡೀ ಚಿತ್ರಮಂದಿರ ಎದ್ದು ಚಪ್ಪಾಳೆ ತಟ್ಟಿತು. ನಾವಿಬ್ಬರು ಕೂತೇ ಇದ್ದೆವು.

ಪತ್ರಿಕೆಯಲ್ಲಿ ನಿನ್ನ ಸಂದರ್ಶನವನ್ನೂ ಓದಿದೆ. ಆ ದನಿ ಹೇಗೆ ಹುಟ್ಟಿತು ಎಂದು ಕೇಳಿದರೆ ತುಕ್ಕು ಹಿಡಿದ ಗೇಟು, ನೀರಿನ ಪೈಪು ಎಂದಿದ್ದೀಯ. ಗೇಟಿಗೆ ಕೊಟ್ಟ ಮರ್ಯಾದೆಯನ್ನು ಅಪ್ಪನಿಗೆ ಕೊಡಲು ನಾಚಿಕೆಯಾಯಿತೇನೋ? ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಒಂದು ಮಾತು ಕೇಳಿದ್ದರೆ ಅವರೇ ಕುಣಿದಾಡಿಕೊಂಡು ಒಪ್ಪುತ್ತಿದ್ದರು, ಇನ್ನೂ ನಾಲ್ಕು ಥರ ಕೂಗಿ ತೋರಿಸುತ್ತಿದ್ದರು.

ಎಷ್ಟು ಬೈದರೂ ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಹೊತ್ತು ಹೊತ್ತಿಗೆ ಉಣ್ಣು. ಕಿವಿಗೆ ಅದೇನೋ ಸಿಕ್ಕಿಸಿಕೊಂಡು ನಿದ್ದೆಗೆಡಬೇಡ. ಮೈ ಗಟ್ಟಿಯಾಗಿರಲಿ, ಹಿಡಿದ ಕೆಲಸ ಕೈಗೂಡಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಭಾನುವಾರ ನೀನು ಫೋನ್ ಮಾಡಿದಾಗ "ಅಪ್ಪ ಮಲಗಿದಾರೆ" ಅಂದೆನಲ್ಲ, ಮಲಗಿರಲಿಲ್ಲ. ನನ್ನ ಪಕ್ಕದಲ್ಲೇ ಕೂತಿದ್ದರು. ಫೋನ್ ಚಾಚಿದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಸಿನಿಮಾ ನೋಡಿ ಬಂದ ಮೇಲೆ ಅವರು ಒಂದು ಸದ್ದೂ ಮಾಡಿಲ್ಲ, ನನ್ನ ಹತ್ತಿರವೂ. ಆಸ್ಪತ್ರೆಯಲ್ಲಿ ಮಾಡಿಕೊಂಡ ರೆಕಾರ್ಡಿಂಗ್ ಇನ್ನೂ ಇದ್ದರೆ, ಏನನ್ನೂ ಬೆರೆಸದೆ, ಇದ್ದ ಹಾಗೇ ಕಳಿಸಿಕೊಡು. ನನಗೆ ಅವರ ದನಿ ಕೇಳಬೇಕಾಗಿದೆ.